ಮುರಿಗೆವ್ವನ ಪರಿವರ್ತಕ

ಕೆಂಪು ಗಾರೆಯ ನೆಲದ ಮೇಲೆ ಬಿಳಿ ಬಣ್ಣದಲ್ಲಿ ಎಳೆದ ಮೂರು ಸಾವಿರದ ಆರುನೂರು ಚೌಕ ಮನೆಗಳು. ಅವುಗಳ ಮೇಲೆ ಅಡ್ಡಡ್ಡ ಹಾಸಿದ ಹಲಗೆಗಳು, ಹಲಗೆಗಳ ಮೇಲೆ ಮೊಣಕಾಲೂರಿ ಕೂತ ಹನ್ನೆರಡು ಜನ. ಹುಣಿಸೆ ಬೀಜ ಹಿಡಿದ ಅವರ ಕೈಗಳೆಲ್ಲ ಗಾಳಿಯಲ್ಲಿ ನಿಂತು, ನನ್ನ ಬಾಯಿಂದ ಬರುವ ಒಂದು ಸಂಖ್ಯೆಗಾಗಿ ಕಾಯುತ್ತಿವೆ. ಆ ಕೈಗಳು ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಮ್ಮ ಊರಿನ ವಾಚನಾಲಯದ ಮಹಡಿಯಲ್ಲಿ ಪ್ರತಿ ರವಿವಾರ ಈ ಆಟ ನಡೆಯುತ್ತಿತ್ತು. ಆಟ ಎಂದರೆ ವಾಮನರಾಯರು ಮುಖ ಗಂಟು ಹಾಕುತ್ತಿದ್ದರು. ಮೋಜಣಿ ಇಲಾಖೆಯಿಂದ ನಿವೃತ್ತರಾಗಿ ರವಿವಾರದ ಈ ಸಭೆಯನ್ನು ಕಟ್ಟಿದ ಅವರಿಗೆ ಅದು ಶಾಸ್ತ್ರವೇ ಆಗಿತ್ತು. ನಿಯಮ ಮಾತ್ರ ತೀರ ಸರಳ. ಬೀಜವಿರುವ ಮನೆಯ ಸುತ್ತಲಿನ ಎಂಟು ಮನೆಗಳಲ್ಲಿ ಎರಡೋ ಮೂರೋ ಬೀಜಗಳಿದ್ದರೆ ಅದು ಉಳಿಯುತ್ತದೆ, ಇಲ್ಲವಾದರೆ ಅದನ್ನು ಎತ್ತಬೇಕು. ಖಾಲಿ ಮನೆಯ ಸುತ್ತ ಸರಿಯಾಗಿ ಮೂರಿದ್ದರೆ ಅಲ್ಲಿ ಹೊಸದೊಂದನ್ನು ಇಡಬೇಕು. ಪ್ರತಿಯೊಬ್ಬರೂ ತಮ್ಮ ಪಾಲಿನ ಮನೆಗಳ ಲೆಕ್ಕ ಮುಗಿಸಿ ಕೈ ಎತ್ತುತ್ತಿದ್ದರು. ಒಂದು, ಎರಡು ಎಂಬ ಸರದಿಯ ಸಂಖ್ಯೆ ಕೇಳಿದೊಡನೆ ಎಲ್ಲರೂ ಒಮ್ಮೆಲೇ ಬೀಜ ಎತ್ತಿ, ಇಟ್ಟು ಮಾಡುತ್ತಿದ್ದರು. ಒಬ್ಬ ಅವಸರಪಟ್ಟರೂ ಪಕ್ಕದವನ ಲೆಕ್ಕ ಕೆಡುತ್ತಿತ್ತು. ಹಾಗಾಗಿ ಸಂಖ್ಯೆ ಕೂಗುವ ತನಕ ಯಾರೂ ನೆಲ ಮುಟ್ಟುವಂತಿರಲಿಲ್ಲ. ಶಾಲೆಯಲ್ಲಿ ಮಗ್ಗಿ ಹೇಳಿಸಿ ಹೇಳಿಸಿ ನನ್ನ ಗಂಟಲು ದೊಡ್ಡದಾಗಿತ್ತಾದ್ದರಿಂದ ಕೂಗುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಇಷ್ಟರಲ್ಲೇ ಒಂದು ಲೋಕವಿತ್ತು. ಚೌಕವಾಗಿ ಇಟ್ಟ ನಾಲ್ಕು ಬೀಜಗಳು ಎಷ್ಟು ಸಂಖ್ಯೆ ಕೂಗಿದರೂ ಅಲುಗುತ್ತಿರಲಿಲ್ಲ; ಅದನ್ನು ಇಟ್ಟಿಗೆ ಎನ್ನುತ್ತಿದ್ದೆವು. ಐದು ಬೀಜಗಳ ಇನ್ನೊಂದು ಆಕಾರ ಓರೆಯಾಗಿ ಕುಪ್ಪಳಿಸುತ್ತ ಹೋಗುತ್ತಿತ್ತು, ಅದು ಮಿಡತೆ. ನೆಟ್ಟಗೆ ಸಾಗುವ ಸ್ವಲ್ಪ ದೊಡ್ಡ ಆಕಾರಕ್ಕೆ ದೋಣಿ ಎಂದು ಹೆಸರು. ಅಲುಗದ ಇಟ್ಟಿಗೆಗಳನ್ನು ಜಾಣತನದಿಂದ ಜೋಡಿಸಿ, ಒಂದು ಕಡೆಯಿಂದ ಮಿಡತೆ ಒಳಗೆ ಹೋದರೆ ಇನ್ನೊಂದು ಕಡೆಯಿಂದ ದೋಣಿ ಹೊರಗೆ ಬರುವಂತೆ ಮಾಡಿದರೆ ಅದು ಪರಿವರ್ತಕ. ಸುದ್ದಿ ಒಂದು ರೂಪದಲ್ಲಿ ಬಂದು ಮತ್ತೊಂದು ರೂಪದಲ್ಲಿ ಹೊರಡುತ್ತದೆ, ಅಷ್ಟೇ. ಆದರೆ ಎರಡನೆಯ ಮಿಡತೆಗೂ ಅದು ಅದೇ ಕೆಲಸ ಮಾಡಬೇಕಿತ್ತು. ಹಾಗೆ ಗೆದ್ದವರಿಗೆ ಮಾತ್ರ ಹಲಗೆಯ ಮೇಲೆ ಜಾಗ, ಗೋಡೆಯ ಪಟ್ಟಿಯಲ್ಲಿ ಹೆಸರು.

ಮುರಿಗೆವ್ವ ಸೀರೆಯ ಅಂಚಿಗೆ ನಕ್ಷೆ ಬರೆಯುವಾಕೆ. ಮಗ್ಗದವರಿಗಾಗಿ ದಿನವಿಡೀ ಚೌಕುಳಿ ಹಾಳೆಯಲ್ಲಿ ಮನೆ ತುಂಬುವುದು ಆಕೆಯ ಕಸುಬು. ನಮ್ಮ ಸಭೆಗೂ ಹಾಳೆಗೆ ಗೆರೆ ಹೊಡೆದುಕೊಡುತ್ತಿದ್ದಳು. ಕೊಡಲು ಬಂದವಳು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ನಾಲ್ಕು ವರ್ಷ ನೋಡಿದಳು. ಆಮೇಲೆ ಒಂದು ದಿನ ನನ್ನನ್ನು ಮನೆಗೆ ಕರೆದು ಎರಡು ಹಾಳೆಗಳನ್ನು ಮುಂದೆ ಹರಡಿದಳು, ಮೊದಲ ಮಿಡತೆ ಬರುವ ಮುಂಚಿನದೊಂದು, ಹೋದ ಮೇಲಿನದೊಂದು.

"ಮೊದಲನೇ ಮಿಡತಿ ಬಂದಾಗ ಈ ಇಟ್ಟಿಗಿ ಅಳಿಸಿಹೋಗಿ ಇಲ್ಲೆ ಬಾಜೂಕ ಹುಟ್ಟತೈತ್ರಿ ಮಾಸ್ತರ," ಎಂದಳು. "ಎರಡನೇದು ಬಂದಾಗ ತಿರುಗಿ ತನ್ನ ಜಾಗಾಕ್ಕ ಬರತೈತಿ. ಮಗ್ಗದಾಗ ಲಾಳಿ ಆಕಡೆ ಹೋಗಿ ಈಕಡೆ ಬಂದಂಗ."

ನಾನು ಬೆರಗಾದೆ. ನಮ್ಮಲ್ಲಿ ಎಲ್ಲರೂ ಅಲುಗದ ಪರಿವರ್ತಕಕ್ಕಾಗಿ ತಲೆ ಚಚ್ಚಿಕೊಳ್ಳುತ್ತಿದ್ದಾಗ ಈಕೆ ಅಲುಗಿ ಮರಳುವುದನ್ನು ಕಟ್ಟಿದ್ದಳು. ಆದರೆ ಪರೀಕ್ಷೆಗೆ ಅರ್ಜಿ ಕೊಟ್ಟಾಗ ರಾಯರು ಮೊದಲ ಹಾಳೆಯನ್ನಷ್ಟೇ ತೆಗೆದುಕೊಂಡರು. ಪದ್ಧತಿಯ ಪ್ರಕಾರ ಅರ್ಜಿಗೆ ಒಂದೇ ನಕ್ಷೆ.

ಪದ್ಧತಿ ಇನ್ನೂ ಎರಡಿದ್ದವು. ಪರೀಕ್ಷೆಯ ದಿನ ಕಟ್ಟಿದವರು ಗೋಡೆಗೆ ಮುಖ ಮಾಡಿ ಬೆಂಚಿನ ಮೇಲೆ ಮಾತಿಲ್ಲದೆ ಕೂರಬೇಕು. ಇನ್ನೊಂದು, ಮೊದಲ ಮಿಡತೆ ದೋಣಿಯಾಗಿ ದಾಟಿದ ಮೇಲೆ ಕಸ ತೆಗೆಯುವುದು. ಕೈತಪ್ಪಿ ಬಿದ್ದ ಬೀಜಗಳಿರಬಹುದೆಂದು, ನಕ್ಷೆಯಲ್ಲಿಲ್ಲದ ಬೀಜಗಳನ್ನೆಲ್ಲ ಎತ್ತಿಬಿಡುತ್ತಿದ್ದರು. ಆದರೆ ಕಡಿಮೆ ಬಿದ್ದದ್ದನ್ನು ತುಂಬುವಂತಿರಲಿಲ್ಲ, ಅದು ಕಟ್ಟಿದವರ ತಪ್ಪು.

ಮುರಿಗೆವ್ವನ ಪರೀಕ್ಷೆಯಲ್ಲಿ ಎಂಬತ್ತೆಂಟನೆಯ ಸಂಖ್ಯೆಗೆ ದೋಣಿ ಚೆಂದವಾಗಿ ಹೊರಟುಹೋಯಿತು. ರಾಯರು ಕನ್ನಡಕ ಸರಿಪಡಿಸಿಕೊಂಡು, ನಕ್ಷೆ ನೋಡಿ, ಹೊಸ ಜಾಗದಲ್ಲಿ ಹುಟ್ಟಿದ್ದ ಇಟ್ಟಿಗೆಯ ನಾಲ್ಕೂ ಬೀಜಗಳನ್ನು ಆರಿಸಿ ಡಬ್ಬಿಗೆ ಹಾಕಿದರು. ಮೂಲೆಯಲ್ಲಿ ಎರಡನೆಯ ಮಿಡತೆಯನ್ನಿಟ್ಟರು. ಹನ್ನೆರಡು ಕೈಗಳು ಮೇಲೆದ್ದವು.

"ರಾಯರ, ಅದು..." ಎಂದೆ.

"ಏನದು? ನಕ್ಷೆದಾಗ ಅದ ಏನು?"

"ಇಲ್ಲ, ಆದರ..."

"ಇಲ್ಲಂದಮ್ಯಾಲ ಕಸ. ಹೂಂ, ಕೂಗ್ರಿ."

ಎಂಬತ್ತೊಂಬತ್ತು ಎಂದು ಕೂಗಿದೆ.

ಮುಂದಿನದನ್ನು ಹೇಳುವುದೇ ಬೇಡ. ಮಿಡತೆ ಒಳಗೆ ಹೋಗಿ, ತಡೆಯಬೇಕಾದ ಇಟ್ಟಿಗೆ ಸಿಗದೆ, ಮಿಕ್ಕವುಗಳ ಮೇಲೆ ಬಿದ್ದು ಎಲ್ಲವನ್ನೂ ಕಲಸಿ ಹಾಕಿತು. ಗೋಡೆಯ ಕಡೆಯಿಂದ ಎದ್ದು ಬಂದ ಮುರಿಗೆವ್ವ ನೆಲವನ್ನು ನೋಡುತ್ತಲೇ ಕೇಳಿದಳು: "ಇಲ್ಲಿದ್ದ ನಾಕು ಬೀಜ ಯಾರು ತಗದ್ರಿ?" ರಾಯರು ಡಬ್ಬಿಯ ಮುಚ್ಚಳ ಹಾಕಿದರು. ಇನ್ನೊಮ್ಮೆ ನೋಡಿ ಎಂದು ಬೇಡಿಕೊಂಡಳು. ವರ್ಷಕ್ಕೆ ಒಂದೇ ಪರೀಕ್ಷೆ ಎಂದರು ರಾಯರು. ಆಕೆ ತನ್ನಲ್ಲಿದ್ದ ಇನ್ನೊಂದು ಹಾಳೆ ಸುತ್ತಿಕೊಂಡು ಮೆಟ್ಟಿಲಿಳಿದಳು; ಮೊದಲನೆಯದು ರಾಯರ ಬಳಿಯೇ ಉಳಿಯಿತು.

ಎಂಟು ತಿಂಗಳು ಚಹಾದಂಗಡಿಯಲ್ಲಿ ಸಿಕ್ಕಸಿಕ್ಕವರ ಮುಂದೆ ರಾಯರನ್ನು ಬೈದೆ. ಮೂರ್ಖ ಎಂದೆ, ಹಟಮಾರಿ ಎಂದೆ. ಸಭೆಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಆಮೇಲೆ ವಾರ್ಷಿಕೋತ್ಸವದ ಕರಪತ್ರ ಬಂತು. ಪರವೂರಿನ ಅತಿಥಿಗಳ ಮುಂದೆ 'ವಾಮನ ಪರಿವರ್ತಕ'ದ ಪ್ರದರ್ಶನ, ನಕ್ಷೆಗಳು ಎರಡು! ಅವು ಮುರಿಗೆವ್ವ ನನಗೆ ತೋರಿಸಿದವೇ. ಒಂದು ಬೀಜವೂ ಬದಲಾಗಿರಲಿಲ್ಲ.

ನೆಟ್ಟಗೆ ರಾಯರ ಮನೆಗೆ ನುಗ್ಗಿದೆ. ಅವರು ಕೂತಲ್ಲಿಂದ ಏಳಲಿಲ್ಲ.

"ಆಕೀದು ಎಲ್ಲಾರ ಮುಂದ ಬಿದ್ದುಹೋತು, ಹೌದಲ್ರಿ?" ಎಂದರು. "ಯಾಕ ಬಿತ್ತು ಅಂತ ಕೂತು ಹುಡುಕಿದಾಂವ ನಾನು. ಹುಡುಕಿದವರ ಹೆಸರು ಇಡೂದು ಪದ್ಧತಿ."

"ಬೀಳಿಸಿದವರೂ ನೀವ!"

"ನಾ ಒಬ್ಬಾವನ ಏನು?" ಎಂದು ನನ್ನನ್ನೇ ದಿಟ್ಟಿಸಿದರು.

ಆ ಮಾತು ಆಗ ನನಗೆ ನಾಟಲಿಲ್ಲ. ಕುದಿಯುತ್ತಲೇ ಮುರಿಗೆವ್ವನ ಮನೆಗೆ ಹೋದೆ. ಆಕೆ ಅಂಚಿನ ನಕ್ಷೆಗೆ ಬಣ್ಣ ತುಂಬುತ್ತಿದ್ದಳು. ನಾನು ರಾಯರಿಗೆ ಶಾಪ ಹಾಕಿ, ಈಗಲೇ ಎದ್ದು ನಡೆ, ಬಿಡಬಾರದು ಎಂದೆ. ಎಲ್ಲ ಕೇಳಿಸಿಕೊಂಡು ಕುಂಚ ಕೆಳಗಿಟ್ಟಳು.

"ರಾಯರ ಮ್ಯಾಲೆ ಸಿಟ್ಟು ಮಾಡ್ಕೊಂಡು ಬಂದೀರಿ, ಛಲೋ ಆತು. ನಿಮ್ಮ ಮ್ಯಾಲೆ ಯಾರು ಮಾಡ್ಕೋಬೇಕ್ರಿ?"

"ನಾ ಹೇಳಾಕ ಹೋದೆ ಮುರಿಗೆವ್ವ, ಅವರು..."

"ಹೇಳ್ರಿ ಅಂತ ಯಾರು ಕೇಳಿದ್ರು?" ಆಕೆಯ ದನಿ ಏರಿತು. "ಬಾಯಿ ಕಟ್ಟಿ ಕುಂದ್ರಿಸಿದ್ದು ನನಗ. ನಿಮಗೇನಾಗಿತ್ತು? ನೀವು ಸುಮ್ಮ ಕುಂತಿದ್ರ ಸಾಕಾಗಿತ್ತು. ಒಂದು ಸಂಖ್ಯಾ ನುಂಗಿದ್ರ ಅಲ್ಲಿ ಒಂದು ಬೀಜ ಅಲಗತಿದ್ದಿಲ್ಲ. ನಿಮ್ಮ ದನೀ ನಾ ಗ್ವಾಡಿ ನೋಡಕೊಂತ ಕೇಳೀನಿ. ಎಷ್ಟು ಗಟ್ಟಿ ಒದರಿದ್ರಿ!"

ನಾನು ಎದ್ದು ಬಂದೆ. ದಾರಿಯುದ್ದಕ್ಕೂ ಆಕೆಯ ಮೇಲೂ ಸಿಟ್ಟು ಬಂತು. ಅದು ಇಳಿದ ಮೇಲೆ ಉಳಿದದ್ದು ನನ್ನ ಮೇಲಿನದು. ಇವತ್ತಿಗೂ ಅದು ಹೋಗಿಲ್ಲ.

ವಾರ್ಷಿಕೋತ್ಸವದಂದು ಮಹಡಿ ತುಂಬಿತ್ತು. ಮುರಿಗೆವ್ವ ಮೆಟ್ಟಿಲ ಬಾಯಲ್ಲಿ ಸೆರಗು ಹೊದ್ದು ನಿಂತಿದ್ದಳು. ಮೊದಲ ದೋಣಿ ಹೊರಟಿತು. ಈ ಸಲ ಯಾರೂ ಕಸ ತೆಗೆಯಲಿಲ್ಲ. ಸರಿದ ಇಟ್ಟಿಗೆಯನ್ನು ಬೆತ್ತದಿಂದ ತೋರಿಸುತ್ತ ರಾಯರು ಅತಿಥಿಗಳಿಗೆ ತಮ್ಮ ಉಪಾಯವನ್ನು ಬಣ್ಣಿಸಿದರು. ಎರಡನೆಯ ಮಿಡತೆ ಮೂಲೆಗೆ ಬಂತು. ಹನ್ನೆರಡು ಕೈಗಳು ಮೇಲೆದ್ದು ನಿಂತವು.

ನಾನು ಕೂಗಲಿಲ್ಲ.

"ಕೂಗ್ರಿ," ಎಂದರು ರಾಯರು.

"ಇದು ಯಾರು ಕಟ್ಟಿದ್ದು ಅಂತ ಹೇಳ್ರಿ, ಕೂಗತೀನಿ."

"ತಲಿ ನೆಟ್ಟಗ ಅದ ಏನು ನಿಮ್ಮದು? ಬ್ಯಾರೆ ಯಾರರ ಕೂಗ್ರಿ!"

ಯಾರೂ ಕೂಗಲಿಲ್ಲ. ಎಲ್ಲರಿಗೂ ಗೊತ್ತಿತ್ತು, ಅದೇ ನನ್ನನ್ನು ಇನ್ನಷ್ಟು ರೇಗಿಸಿದ್ದು. ಎಂಟು ತಿಂಗಳು ಎಲ್ಲರಿಗೂ ಗೊತ್ತಿತ್ತು. ಎತ್ತಿದ ಕೈಗಳು ಸೋತು ನಡುಗತೊಡಗಿದವು. ರಾಯರು ಬೆತ್ತದಿಂದ ನೆಲ ಕುಟ್ಟಿದರು. ಅತಿಥಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಆಗ ಮೆಟ್ಟಿಲ ಕಡೆಯಿಂದ ದನಿ ಬಂತು.

"ಕಟ್ಟಿದಾಕಿ ನಾನು. ಎಂಬತ್ತೊಂಬತ್ತು."

ಸಂಖ್ಯೆಗೆ ಪಳಗಿದ ಕೈಗಳು ಒಮ್ಮೆಲೇ ಕೆಳಗಿಳಿದವು. ರಾಯರು ನಿಲ್ಲಿಸಿ ಎಂದು ಅರಚಿದರು. ಅಷ್ಟರಲ್ಲಿ ತೊಂಬತ್ತು ಬಂದಿತ್ತು. ಆಕೆ ನಡೆದು ಬಂದು ನೆಲದ ಅಂಚಿನಲ್ಲಿ ನಿಂತಳು. ದನಿ ಸಿಟ್ಟಿನಿಂದ ಒಡೆಯುತ್ತಿತ್ತು, ಆದರೂ ಒಂದು ಸಂಖ್ಯೆಯೂ ತಡವಾಗಲಿಲ್ಲ. ಅತಿಥಿಯೊಬ್ಬರು ಹೆಸರು ಕೇಳಿದರು. ಮುರಿಗೆವ್ವ ಎಂದು ಹೇಳಿ ಅದೇ ಉಸಿರಿನಲ್ಲಿ ಮುಂದಿನದನ್ನು ಕೂಗಿದಳು. ಇಟ್ಟಿಗೆ ಅಳಿಸಿಹೋಯಿತು, ತನ್ನ ಹಳೆಯ ಜಾಗದಲ್ಲಿ ಹುಟ್ಟಿತು. ದೋಣಿ ಹೊರಬಿತ್ತು.

ನನ್ನ ಕಡೆ ಆಕೆ ಒಮ್ಮೆಯೂ ನೋಡಲಿಲ್ಲ. ಕೊನೆಯ ಸಾಲಿನ ಹಲಗೆಯಲ್ಲಿದ್ದ ಮುದುಕರೊಬ್ಬರು ಮೊಣಕಾಲು ಹಿಡಿದುಕೊಂಡು ಎದ್ದಾಗ, ಆ ಜಾಗದಲ್ಲಿ ನಾನು ಹೋಗಿ ಕೂತೆ. ದೋಣಿ ಗೋಡೆಯ ಕಡೆಗೆ ಬರುತ್ತಿತ್ತು. ಆಕೆ ಕೂಗಿದಂತೆಲ್ಲ, ತಲೆ ಎತ್ತದೆ, ಬೀಜಗಳನ್ನು ಎತ್ತಿ, ಇಟ್ಟು, ದೋಣಿಯನ್ನು ಮುಂದಕ್ಕೆ ಸಾಗಿಸುತ್ತ ಹೋದೆ.