ಕೂರಲು ಬಾರದ ಕಂಡಕ್ಟರು

ಕಂಡಕ್ಟರಿಗೆ ಕೂರಲು ಬರುವುದಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ನಿಲ್ಲಲು ಬರುತ್ತದೆ, ಓಡುವ ಬಸ್ಸಿನಲ್ಲಿ ಕಂಬಕ್ಕೆ ಸೊಂಟ ಒರಗಿಸಿಕೊಂಡು ಎರಡೂ ಕೈಯಲ್ಲಿ ಟಿಕೆಟ್ ಹರಿಯಲು ಬರುತ್ತದೆ, ಕಾಲಿಡಲು ಜಾಗವಿಲ್ಲದ ಕಡೆ ಹಿಂದಿನ ಬಾಗಿಲಿನಿಂದ ಮುಂದಿನ ಬಾಗಿಲಿನವರೆಗೆ ನುಸುಳಲು ಬರುತ್ತದೆ. ಆದರೆ ಹೆಂಡತಿಯ ಪಕ್ಕ ಬೆನ್ನು ಆನಿಸಿ ಕೂತು ಸುಮ್ಮನೆ ಕಿಟಕಿಯಾಚೆ ನೋಡಿ ಎಂದರೆ ಮಾತ್ರ ಸೀಟಿನಲ್ಲಿ ಮುಳ್ಳಿದ್ದವರ ಹಾಗೆ ಆಡುತ್ತಾರೆ. ನೌಕರಿಯಿಂದ ನಿವೃತ್ತರಾಗಿ ಎಷ್ಟೋ ವರ್ಷವಾಯಿತು, ಖಾಕಿ ಅಂಗಿ ನೆಲ ಒರೆಸುವ ಬಟ್ಟೆಯಾಯಿತು, ಚಟ ಮಾತ್ರ ಹೋಗಲಿಲ್ಲ. ಪರದೇಶ ನೋಡಲು ಬಂದು ರೈಲು ಹತ್ತಿದ ಮೇಲೂ ಅದೇ ಹಾಡು.

ಅವರ ಹೆಂಡತಿಯನ್ನು ಬೀದಿಯವರೆಲ್ಲ ಹೊಲಿಗೆಯಕ್ಕ ಎಂದು ಕರೆಯುತ್ತಿದ್ದರು. ಮನೆಯ ಮುಂಗೋಣೆಯಲ್ಲಿ ಮಷೀನು ಇಟ್ಟುಕೊಂಡು ಅಕ್ಕಪಕ್ಕದವರ ಅಂಗಿ, ಲಂಗ, ಶಾಲೆ ಮಕ್ಕಳ ಯೂನಿಫಾರಂ ಹೊಲಿದವಳು. ಗುಂಡಿಯ ಕಾಜಾ ಮಾಡುವುದರಲ್ಲಿ ಅವಳದು ಎತ್ತಿದ ಕೈ. ಬಟ್ಟೆ ಹರಿದು ಚಿಂದಿಯಾದರೂ ಕಾಜಾ ಬಿಡುತ್ತಿರಲಿಲ್ಲ. ಒಂದು ದಿನ ಸೂಜಿಗೆ ದಾರ ಪೋಣಿಸಲು ಹೋಗಿ ಸೂಜಿಯೇ ಕಾಣದಾಯಿತು. ದೀಪವನ್ನು ಬೈದಳು, ದಾರವನ್ನು ಬೈದಳು, ಕನ್ನಡಕದವನನ್ನೂ ಬೈದಳು. ಕೊನೆಗೆ ಡಾಕ್ಟರರ ಹತ್ತಿರ ಹೋದಾಗ ಗೊತ್ತಾಯಿತು, ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿದೆ.

ಎಡಗಣ್ಣು ಅಷ್ಟರಲ್ಲಾಗಲೇ ಕೈಬಿಟ್ಟಿತ್ತು. ಬಲಗಣ್ಣಿಗೆ ಲೇಸರ್ ಹಾಯಿಸಿದರು, ಇಂಜೆಕ್ಷನ್ ಚುಚ್ಚಿದರು, ಆಮೇಲೆ ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. ಒಳಗಿನ ರಕ್ತನಾಳ ಹಳೆಯ ದಾರದ ಹಾಗೆ ಆಗಿದೆ, ಯಾವ ಗಳಿಗೆಯಲ್ಲಾದರೂ ಒಡೆಯಬಹುದು, ಒಡೆದರೆ ಮತ್ತೆ ಕಾಣುತ್ತದೆ ಎಂದು ಮಾತು ಕೊಡಲಾರೆ. ಊರು ಬಿಟ್ಟು ಹೋಗಬಹುದೇ ಎಂದು ಕಂಡಕ್ಟರು ಅಂಜುತ್ತಲೇ ಕೇಳಿದ್ದಕ್ಕೆ, ಮನೆಯಲ್ಲಿದ್ದರೆ ಒಡೆಯುವುದಿಲ್ಲ ಅಂತೇನಿಲ್ಲ, ನೋಡಬೇಕಾದದ್ದು ಏನಾದರೂ ಇದ್ದರೆ ಬೇಗ ನೋಡಿಕೊಂಡು ಬನ್ನಿ ಎಂದರು.

ಹೊಲಿಗೆಯಕ್ಕ ಸಮುದ್ರ ನೋಡಿರಲಿಲ್ಲ. ಕಂಡಕ್ಟರೂ ನೋಡಿರಲಿಲ್ಲ, ಅವರ ಬಸ್ಸು ಜೀವಮಾನವೆಲ್ಲ ಗಿರಣಿಯಿಂದ ಪೇಟೆಗೆ, ಪೇಟೆಯಿಂದ ಗಿರಣಿಗೆ ಗಾಣದೆತ್ತಿನ ಹಾಗೆ ಸುತ್ತಿದ್ದಷ್ಟೇ. ಟೂರಿನವರ ಆಫೀಸಿನಲ್ಲಿ ಕೆಲಸ ಮಾಡುವ ಅವಳ ತಂಗಿಯ ಮಗಳು ಒಂದು ಫೋಟೊ ತೋರಿಸಿದಳು. ದೂರದ ಒಂದು ದೇಶ, ಅಲ್ಲಿ ರೈಲು ಬೆಟ್ಟ ಇಳಿದು ಸಮುದ್ರಕ್ಕೆ ಅಂಟಿಕೊಂಡೇ ಓಡುತ್ತದೆ, ಇನ್ನೇನು ಗಾಲಿ ನೆನೆದೇ ಬಿಡುತ್ತದೆ ಅನ್ನುವಷ್ಟು ಹತ್ತಿರ. ಒಂದು ಪಾಸು ತೆಗೆದುಕೊಂಡರೆ ಸಾಕು ದೊಡ್ಡಮ್ಮ, ಬೇಕಾದ ಕಡೆ ಹತ್ತಿ ಬೇಕಾದ ಕಡೆ ಇಳಿಯಬಹುದು ಎಂದಳು. ಹೊಲಿಗೆಯಕ್ಕ ಫೋಟೊವನ್ನು ಬಲಗಣ್ಣಿನ ಹತ್ತಿರ ಹಿಡಿದು ತುಂಬ ಹೊತ್ತು ನೋಡಿದಳು. ಆಮೇಲೆ ಗಂಡನ ಕಡೆ ತಿರುಗಿ, ಹೋಗೋದಾದ್ರೆ ನೀವು ನನ್ನ ಪಕ್ಕ ಕೂತು ನೋಡಬೇಕು, ಇಲ್ಲದಿದ್ದರೆ ನನಗೆ ಸಮುದ್ರವೂ ಬೇಡ ಏನೂ ಬೇಡ ಎಂದಳು.

ಇದಕ್ಕೆ ಕಾರಣವಿತ್ತು. ಮದುವೆಯಾದಾಗಿನಿಂದ ತವರಿಗೆ ಅವರ ಬಸ್ಸಿನಲ್ಲೇ ಹೋಗಿಬರುತ್ತಿದ್ದಳು. ಅವಳು ಸೀಟಿನಲ್ಲಿ, ಅವರು ಓಡಾಟದಲ್ಲಿ. ಕಟ್ಟಿಕೊಂಡ ಹೆಂಡತಿಗೂ ‘ಎಲ್ಲಿಗೆ?’ ಎಂದು ಕೇಳಿ ಟಿಕೆಟ್ ಹರಿದು ಕೊಡುತ್ತಿದ್ದ ಮಹಾಶಯರು ಅವರು. ರಜೆಯ ದಿನ ಬೇರೆಯವರ ಬಸ್ಸು ಹತ್ತಿದರೂ ಬಾಗಿಲ ಬಳಿಯೇ ನಿಂತು ಆ ಕಂಡಕ್ಟರಿಗೆ ಬುದ್ಧಿ ಹೇಳುತ್ತಿದ್ದರು. ಗಂಡನ ಪಕ್ಕ ಕೂತು ಪ್ರಯಾಣ ಮಾಡುವುದೆಂದರೆ ಹೇಗಿರುತ್ತದೆ ಎಂದು ಹೊಲಿಗೆಯಕ್ಕನಿಗೆ ಇವತ್ತಿಗೂ ಗೊತ್ತಿರಲಿಲ್ಲ.

ಪರದೇಶದ ರೈಲುಗಳು ನುಣ್ಣಗೆ, ಸದ್ದಿಲ್ಲದೆ ಓಡುತ್ತಿದ್ದವು. ಸೀಟಿಗೆ ಮೆತ್ತನೆಯ ಬಟ್ಟೆ, ಅದರ ಹೊಲಿಗೆಯನ್ನು ಹೊಲಿಗೆಯಕ್ಕ ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿ ತಲೆದೂಗಿದಳು. ಕಂಡಕ್ಟರು ಮೊದಲ ದಿನ ಸ್ವಲ್ಪ ಹೊತ್ತು ಕೂತರು, ಪಾಪ. ಆಮೇಲೆ ಕಾಲು ಕೇಳಲಿಲ್ಲ. ಒಂದೊಂದು ಸ್ಟೇಷನ್ ಬಂದಾಗಲೂ ಎದ್ದು ಪ್ಲಾಟ್‌ಫಾರಮ್ಮಿಗೆ ಇಳಿಯುವುದು, ಆ ಕಡೆ ಈ ಕಡೆ ಕತ್ತು ಚಾಚುವುದು, ಎಲ್ಲರೂ ಹತ್ತಿದರೆಂದು ಖಾತ್ರಿಯಾದ ಮೇಲೆ ತಾವು ಕೊನೆಗೆ ಹತ್ತುವುದು. ನಡುವೆ ನಿಂತವರಿಗೆ ‘ಮುಂದೆ ಹೋಗಿ, ಮುಂದೆ ಹೋಗಿ’ ಎಂದು ಅಪ್ಪಟ ಕನ್ನಡದಲ್ಲಿ ಹೇಳುವುದು. ಆ ಜನ ಅರ್ಥವಾದವರ ಹಾಗೆ ಮುಂದೆ ಹೋಗುವುದು. ಒಬ್ಬ ಮುದುಕಿಯಂತೂ ಇವರೇ ರೈಲಿನ ಸಿಬ್ಬಂದಿ ಎಂದುಕೊಂಡು ಟಿಕೆಟ್ ತೋರಿಸಿದಳು, ಇವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಗಂಭೀರವಾಗಿ ವಾಪಸು ಕೊಟ್ಟರು. ಹೊಲಿಗೆಯಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಕ್ಕರೂ ಒಳಗೆ ಕಸಿವಿಸಿ. ಹಿಮದ ಬೆಟ್ಟ ಬಂತು, ಹೋಯಿತು. ಹಸಿರು ಕೆರೆ ಬಂತು, ಹೋಯಿತು. ಪ್ರತಿಸಲವೂ ‘ರೀ, ನೋಡ್ರೀ’ ಎಂದು ತಿರುಗಿದರೆ ಪಕ್ಕದ ಸೀಟು ಖಾಲಿ.

ಸಮುದ್ರದ ದಿನ ಬೆಳಿಗ್ಗೆ ಹೋಟೆಲಿನಲ್ಲಿ ಬ್ರೆಡ್ಡಿಗೆ ಬೆಣ್ಣೆ ಸವರುತ್ತ ಅವಳು ಕೇಳಿಕೊಂಡಳು. ಜಗಳವಾಡಲಿಲ್ಲ, ಬೇಡಿಕೊಂಡಳು.

“ಇವತ್ತೊಂದು ದಿನ ಏಳಬೇಡಿ. ನನ್ನ ಕಣ್ಣು ಇನ್ನೆಷ್ಟು ದಿನವೋ ಏನೋ. ಒಂದಾದ್ರೂ ಇಬ್ಬರೂ ಕೂತು ನೋಡಿದ್ದು ಅಂತ ನನಗೆ ಇರಲಿ.”

ಏಳಲ್ಲ ಕಣೇ, ನೀನೇ ಏಳು ಅಂದ್ರೂ ಏಳಲ್ಲ ಎಂದು ಕಂಡಕ್ಟರು ಅವಳ ಕೈ ಒತ್ತಿದರು. ಅವರು ಸುಳ್ಳು ಹೇಳುವ ಮನುಷ್ಯರಲ್ಲ. ಆ ಗಳಿಗೆಯಲ್ಲಿ ಅದು ನಿಜವೇ ಆಗಿತ್ತು.

ರೈಲು ಹತ್ತಿದರು, ಕೂತರು. ಎರಡು ಸ್ಟೇಷನ್ ಹೋಯಿತು, ಕಂಡಕ್ಟರು ಸೀಟಿನ ಕೈ ಹಿಡಿದುಕೊಂಡು ಹಲ್ಲು ಕಚ್ಚಿ ಕೂತೇ ಇದ್ದರು. ಹೊಲಿಗೆಯಕ್ಕನಿಗೆ ನಗುವೂ ಬಂತು, ಮುದ್ದೂ ಬಂತು. ಸಮುದ್ರಕ್ಕೆ ಮುಂಚಿನ ಸ್ಟೇಷನ್ನಿನಲ್ಲಿ ಒಬ್ಬ ತಾಯಿ ಕೂಸಿನ ಗಾಡಿಯನ್ನು ಇಳಿಸಲಾರದೆ ಬಾಗಿಲಲ್ಲಿ ಒದ್ದಾಡುತ್ತಿದ್ದಳು. ಗಾಡಿಯ ಒಂದು ಗಾಲಿ ಸಂದಿಗೆ ಸಿಕ್ಕಿಕೊಂಡಿತ್ತು. ಯಾರು ತಾನೇ ಸುಮ್ಮನೆ ಕೂರುತ್ತಾರೆ? ಹೊಲಿಗೆಯಕ್ಕನೇ ‘ಹೋಗಿ, ಹಿಡೀರಿ ಒಂಚೂರು’ ಎಂದಳು. ಹೌದು, ಅವಳೇ ಎಂದಳು.

ಗಾಡಿ ಇಳಿಸಿದ ಕೂಡಲೇ ವಾಪಸು ಹತ್ತಬಹುದಿತ್ತು. ಬೇರೆ ಯಾವ ಗಂಡಸಾದರೂ ಹತ್ತುತ್ತಿದ್ದ. ಆದರೆ ಕಂಡಕ್ಟರ ಕಾಲು ನೆಲಕ್ಕೆ ತಾಗಿದ್ದೇ ತಡ, ಅವರೊಳಗಿದ್ದ ಹಳೆಯ ಮನುಷ್ಯ ಎದ್ದು ಕೂತ. ಆ ಕಡೆ ನೋಡಿದರು. ಈ ಕಡೆ ನೋಡಿದರು. ದೂರದಲ್ಲಿ ಒಬ್ಬ ಚೀಲ ಹೊತ್ತು ಓಡಿ ಬರುತ್ತಿದ್ದ, ಬಾ ಬಾ ಎಂದು ಅವನಿಗೆ ಕೈ ಬೀಸಿದರು. ನೌಕರಿ ಮಾಡಿದಷ್ಟೂ ಕಾಲ ಅವರು ‘ರೈಟ್’ ಅನ್ನದೆ ಒಂದು ಗಾಡಿಯೂ ಮುಂದಕ್ಕೆ ಹೋಗಿರಲಿಲ್ಲ; ತಮ್ಮನ್ನು ಬಿಟ್ಟು ಗಾಡಿ ಹೊರಡಬಹುದೆಂಬುದು ಅವರ ಮೈಗೆ ಗೊತ್ತೇ ಇರಲಿಲ್ಲ. ಬಾಗಿಲು ಉಸ್ ಎಂದು ಮುಚ್ಚಿಕೊಂಡಿತು. ಕಂಡಕ್ಟರು ರೈಲಿನ ಮೈಗೆ ಪಟಪಟ ಬಡಿದರು. ಗಾಜಿನಾಚೆ ಅವರ ಬಾಯಿ ‘ಹೋಲ್ಡಾನ್’ ಎಂದದ್ದು ಹೊಲಿಗೆಯಕ್ಕನಿಗೆ ಕಂಡಿತು, ಕೇಳಿಸಲಿಲ್ಲ. ರೈಲು ಅವರನ್ನು ಅಲ್ಲೇ ಬಿಟ್ಟು ಜಾರಿತು.

ಅವಳ ಜೀವ ಬಾಯಿಗೆ ಬಂತು. ಭಾಷೆ ಬಾರದು, ಫೋನು ಅವರ ಜೇಬಿನಲ್ಲಿ, ಪಾಸೂ ಅವರ ಹತ್ತಿರ. ನೀಲಿ ಕೋಟಿನ ಟಿಕೆಟ್ ತಪಾಸಣೆಯ ಹೆಂಗಸು ಬಂದಾಗ ಹೊಲಿಗೆಯಕ್ಕ ಖಾಲಿ ಸೀಟು ತೋರಿಸಿದಳು, ಹಿಂದಕ್ಕೆ ಕೈ ತೋರಿಸಿದಳು, ಅಳು ತಡೆದಳು. ಒಳ್ಳೆಯ ಹೆಂಗಸು. ಬಿಟ್ಟುಬಂದ ಸ್ಟೇಷನ್ನಿಗೋ ಎಲ್ಲಿಗೋ ಫೋನು ಮಾಡಿದಳು, ಸ್ವಲ್ಪ ಹೊತ್ತಿನಲ್ಲಿ ನಗುತ್ತ ಬಂದು ಫೋನನ್ನು ಇವಳ ಕಿವಿಗೆ ಹಿಡಿದಳು. ಒಳಗೆ ಕಂಡಕ್ಟರು.

ನಡುವೆ ಎಲ್ಲೂ ಇಳಿಯಬೇಡ, ಕೊನೇ ಸ್ಟೇಷನ್ನಿನಲ್ಲಿ ಇಳಿದು ಬೆಂಚಿನ ಮೇಲೆ ಕೂತಿರು, ಹಿಂದೆ ಬರುವ ರೈಲಿಗೆ ಬಂದೆ ಎಂದು ಒಂದೇ ಉಸಿರಿನಲ್ಲಿ ಹೇಳಿದರು. ಈಗ ಸಮುದ್ರ ಬರುತ್ತದಂತೆ, ನೀನಾದರೂ ಚೆನ್ನಾಗಿ ನೋಡಿಕೋ ಎಂದೂ ಸೇರಿಸಿದರು.

“ನೀವಿಲ್ದೆ ನಾನು ನೋಡಲ್ಲ,” ಎಂದಳು ಹೊಲಿಗೆಯಕ್ಕ. ಫೋನು ವಾಪಸು ಕೊಟ್ಟಳು.

ಹಟ ಅಂದರೆ ಹಟ. ಸಿಟ್ಟು ಮೂಗಿನ ತುದಿಯಲ್ಲೇ ಇರುವ ಹೆಣ್ಣು, ಆದರೆ ಆಗ ಅವಳಿಗೆ ಬಂದದ್ದು ಬರೀ ಸಿಟ್ಟಲ್ಲ. ತಾನೊಬ್ಬಳೇ ನೋಡಿಬಿಟ್ಟರೆ ಆಮೇಲೆ ಅದು ಇಬ್ಬರದಾಗುವುದಿಲ್ಲ ಎಂದು ಅವಳಿಗೆ ಅನ್ನಿಸಿತು. ನಾಳೆಗೂ ಪಾಸು ಇದೆ, ಇದೇ ರೈಲು ನಾಳೆಯೂ ಓಡುತ್ತದೆ, ಸಮುದ್ರವೇನು ಎದ್ದು ಹೋಗುತ್ತದೆಯೇ? ನಾಳೆ ಬೇಕಾದರೆ ಆ ಮನುಷ್ಯನನ್ನು ಸೀಟಿಗೆ ಹಾಕಿ ಹೊಲಿದುಬಿಡುತ್ತೇನೆ ಎಂದುಕೊಂಡಳು. ಹಾಗೆಂದುಕೊಂಡು ಕಣ್ಣು ಮುಚ್ಚಿಕೊಂಡಳು.

ಮುಚ್ಚಿದ ಕಣ್ಣಿನ ಮೇಲೆ ಬೆಳಕು ಬದಲಾದದ್ದು ತಿಳಿಯಿತು. ಬೋಗಿಯೊಳಗಿನ ಜನ ಒಟ್ಟಿಗೇ ಓ ಎಂದರು. ಕ್ಯಾಮೆರಾಗಳು ಚಕಚಕ ಸದ್ದು ಮಾಡಿದವು. ಯಾರದೋ ಮಗು ಗಾಜಿಗೆ ಕೈ ಬಡಿದು ಕೇಕೆ ಹಾಕಿತು. ನೀಲಿ ಕೋಟಿನ ಹೆಂಗಸು ಬಂದು ಭುಜ ಮುಟ್ಟಿದಳು, ನಿದ್ದೆ ಹೋಗಿದ್ದಾಳೆಂದುಕೊಂಡಿರಬೇಕು. ಅವಳ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿದಳು, ಏಳಮ್ಮಾ, ಇದಕ್ಕೇ ತಾನೇ ಇಷ್ಟು ದೂರ ಬಂದದ್ದು ಅನ್ನುವ ಹಾಗಿತ್ತು. ಹೊಲಿಗೆಯಕ್ಕ ಕಣ್ಣು ಮುಚ್ಚಿಕೊಂಡೇ ಬೇಡವೆಂದು ತಲೆಯಾಡಿಸಿದಳು. ಒಂದು ಸಲ, ಒಂದೇ ಒಂದು ಸಲ ರೆಪ್ಪೆ ಎತ್ತಿಬಿಡಲೇ ಎಂದು ಆಸೆಯಾಯಿತು. ಎತ್ತಲಿಲ್ಲ. ಜನರ ಸದ್ದು ಅಡಗಿ, ರೈಲು ನಿಧಾನವಾಗಿ, ಕೊನೆಯ ಸ್ಟೇಷನ್ನಿನ ಹೆಸರು ಕೂಗುವವರೆಗೂ ಹಾಗೆಯೇ ಕೂತಿದ್ದಳು.

ಆಮೇಲೆ ಕಣ್ಣು ತೆರೆದಳು.

ಎದುರಿನ ಸೀಟಿನ ಬೆನ್ನಿನ ಮೇಲೆ ಕಪ್ಪು ದಾರ ಜೋತುಬಿದ್ದ ಹಾಗೆ ಕಂಡಿತು. ಕೈ ಚಾಚಿ ಅದನ್ನು ತೆಗೆಯಲು ಹೋದಳು, ಅಲ್ಲಿ ಏನೂ ಇರಲಿಲ್ಲ. ದಾರ ಎರಡಾಯಿತು, ಗಂಟು ಗಂಟಾಯಿತು, ನೀರಿಗೆ ಬಿದ್ದ ಮಸಿಯ ಹಾಗೆ ಹರಡಿಕೊಂಡಿತು. ಕಿಟಕಿಯ ಕಡೆ ತಿರುಗಿದಳು. ಕಿಟಕಿಯಿದ್ದ ಜಾಗದಲ್ಲಿ ಮಾಸಲು ಕೆಂಪು, ಆಮೇಲೆ ಬರೀ ಮಬ್ಬು. ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಡಾಕ್ಟರು ಹೇಗೆ ಹೇಳಿದ್ದರೋ ಹಾಗೇ ಆಗಿತ್ತು.

ಅಯ್ಯೋ ನನ್ನ ಬುದ್ಧಿಯೇ, ಎಂಥ ಕೆಲಸ ಮಾಡಿಕೊಂಡೆ ಎಂದು ತನ್ನನ್ನೇ ಬೈದುಕೊಂಡಳು. ಕಣ್ಣಿದ್ದಾಗ ಮುಚ್ಚಿಕೊಂಡು ಕೂತವಳು ಲೋಕದಲ್ಲಿ ಇನ್ನೊಬ್ಬಳು ಇದ್ದಾಳೆಯೇ? ನೀಲಿ ಕೋಟಿನ ಹೆಂಗಸು ತೋಳು ಹಿಡಿದು ಇಳಿಸಿ ಬೆಂಚಿನ ಮೇಲೆ ಕೂರಿಸಿದಳು. ಕಣ್ಣು ಹೋಯಿತು ಎಂದು ಅವಳಿಗೆ ಹೇಳಲು ಹೊಲಿಗೆಯಕ್ಕನಿಗೆ ಭಾಷೆ ಇರಲಿಲ್ಲ. ಇದ್ದಿದ್ದರೂ ಗಂಡನಿಗಿಂತ ಮೊದಲು ಇನ್ನೊಬ್ಬರಿಗೆ ಹೇಳಲು ಮನಸ್ಸಿರಲಿಲ್ಲ. ಇನ್ನೊಂದು ಗಳಿಗೆಗೆ ತಿಳಿಯಾದೀತು, ಇನ್ನೊಂದು ಗಳಿಗೆಗೆ ತಿಳಿಯಾದೀತು ಎಂದು ರೆಪ್ಪೆ ಬಡಿಯುತ್ತ ಕಾದಳು. ಗಾಳಿಯಲ್ಲಿ ಉಪ್ಪಿನ ವಾಸನೆಯಿತ್ತು. ಸಮುದ್ರ ಎಲ್ಲೋ ಹತ್ತಿರದಲ್ಲೇ ಸದ್ದು ಮಾಡುತ್ತಿತ್ತು.

ಹಿಂದಿನ ರೈಲು ಬಂದು ನಿಂತಿತು. ಜನರ ಹೆಜ್ಜೆಗಳು ಮುಂದಿನಿಂದ ಹರಿದುಹೋದವು. ಎಲ್ಲರೂ ಹೋದ ಮೇಲೆ ಕಂಡಕ್ಟರ ಚಪ್ಪಲಿ ಓಡುತ್ತ ಬಂತು.

ಬಂದವರೇ ಮಾತು ಶುರು ಹಚ್ಚಿಕೊಂಡರು, ಏದುಸಿರು ಬಿಡುತ್ತಲೇ. ತಪ್ಪಾಯಿತು ಎಂದರು, ಕಾಲು ಮುರಿದು ಕೈಗೆ ಕೊಡು ಎಂದರು. ಆದರೆ ಕೇಳು, ಈ ರೈಲಿನಲ್ಲಿ ಏಳಲೇ ಇಲ್ಲ, ನಿನ್ನಾಣೆ, ಕಿಟಕಿಗೆ ಹಣೆ ಹಚ್ಚಿ ಕೂತಿದ್ದೆ ಎಂದರು. ನೀರು ಮೊದಲು ಹಸಿರು, ದೂರ ಹೋಗುತ್ತ ನೀಲಿ, ಅದರಾಚೆ ಆಕಾಶ ಯಾವುದು ನೀರು ಯಾವುದು ಅಂತಲೇ ಗೊತ್ತಾಗುವುದಿಲ್ಲ. ನೀನು ಹೇಳುತ್ತಿದ್ದದ್ದು ಸರಿ ಕಣೇ, ಕೂತು ನೋಡುವ ಸುಖವೇ ಬೇರೆ, ನಾಳೆ ಇಬ್ಬರೂ ಕೂತೇ ಹೋಗೋಣ ಎಂದರು. ಹೊಲಿಗೆಯಕ್ಕ ಕೇಳುತ್ತಿದ್ದಳು. ಅವರ ದನಿಯಲ್ಲಿ ಇಷ್ಟು ಸಂತೋಷವನ್ನು ಅವಳು ಕೇಳಿ ತುಂಬ ಕಾಲವಾಗಿತ್ತು. ಅದು ಮುಗಿಯದಿರಲಿ ಎಂದು ಬಾಯಿ ಬಿಡದೆ ಕೂತಳು.

ಕೊನೆಗೆ ಅವರ ಮಾತು ತಡವರಿಸಿತು.

“ಆಗ್ಲಿಂದ ಎರಡೂ ಕೈ ಬೀಸ್ಕೊಂಡು ಬಂದೆ, ನೋಡಿದ್ರೂ ನೋಡ್ದಂಗೆ ಕೂತಿದ್ದೀಯ. ಸಿಟ್ಟಿದ್ರೆ ಬೈದುಬಿಡು. ಮುಖ ಮಾತ್ರ ತಿರುಗಿಸ್ಬೇಡ ಕಣೇ.”

“ಸಿಟ್ಟಿಲ್ಲ ರೀ,” ಎಂದಳು ಹೊಲಿಗೆಯಕ್ಕ. “ನೀವು ಯಾವ ಕಡೆ ನಿಂತಿದ್ದೀರಿ, ಅದು ಹೇಳಿ.”

ಅವಳು ದನಿ ಬಂದ ಕಡೆಗೆ ಕೈ ಚಾಚಿದಳು, ಕೈ ಗಾಳಿಯಲ್ಲಿ ಸ್ವಲ್ಪ ಹುಡುಕಾಡಿತು, ಆಮೇಲೆ ಅವರು ಅದನ್ನು ಹಿಡಿದುಕೊಂಡರು. ಬೆಂಚು ಒಂದಿಷ್ಟು ಅಲುಗಿತು. ಪಕ್ಕದಲ್ಲಿ ಅವರ ಭುಜ ಅವಳ ಭುಜಕ್ಕೆ ತಾಗಿತು. ಎದುರಿನ ಹಳಿಯ ಮೇಲೆ ಒಂದು ರೈಲು ಬಂದು ನಿಂತು, ಜನ ಹತ್ತಿ, ಬಾಗಿಲು ಮುಚ್ಚಿಕೊಂಡು ಹೊರಟುಹೋಯಿತು. ಅವರು ಏಳಲಿಲ್ಲ. ಅವರ ಭುಜ ನಡುಗಲು ಶುರುವಾಯಿತು, ಮೂಗಿನಿಂದ ಒಂದು ಒಡಕು ಸದ್ದು ಬಂತು. ಇಷ್ಟು ವರ್ಷದಲ್ಲಿ ಗಂಡ ಅತ್ತದ್ದನ್ನು ಹೊಲಿಗೆಯಕ್ಕ ಒಮ್ಮೆಯೂ ನೋಡಿರಲಿಲ್ಲ. ಈಗಲೂ ಅವಳು ಅದನ್ನು ಕೇಳಿಸಿಕೊಂಡಳು, ಅಷ್ಟೇ.