ಹೊಸ ಸೀಟಿನ ಕವರು

ಮೂವತ್ತೊಂದು ವರ್ಷ ಟ್ಯಾಕ್ಸಿ ಓಡಿಸಿದವನಿಗೆ ಲೈಸೆನ್ಸಿಗೆ ಈಗ ಮತ್ತೆ ಪರೀಕ್ಷೆಯಂತೆ! ಹೆಂಡತಿಗೆ ಮೈಯೆಲ್ಲ ಉರಿದುಹೋಯಿತು. ಉರಿದು ಏನು ಬಂತು? ಗಂಡನ ಕಣ್ಣು ಎರಡು ವರ್ಷದಿಂದ ಮಂಜಾಗುತ್ತ ಬಂದದ್ದು ಅವಳೊಬ್ಬಳಿಗೇ ಗೊತ್ತು. ಕಣ್ಣಿನ ಡಾಕ್ಟರ ಗೋಡೆಯ ಮೇಲಿನ ಅಕ್ಷರಗಳನ್ನು ಬರೆದುಕೊಂಡು ಬಂದು ಬಾಯಿಪಾಠ ಮಾಡಿಸಿದವಳೂ ಅವಳೇ.

ರಸ್ತೆಗೆ ಬೇರೆ ಉಪಾಯವಿತ್ತು. ಅವಳು ಅವನ ಹಿಂದೆಯೇ ಕೂತು ಸೀಟಿನ ಬೆನ್ನಿಗೆ ಬೆರಳಿನಿಂದ ತಟ್ಟುವಳು. ಒಂದು ಸಲ ತಟ್ಟಿದರೆ ನಿಧಾನ, ಎರಡು ಸಲ ತಟ್ಟಿದರೆ ನಿಲ್ಲಿಸು. ಗಿರಾಕಿಗಳು ಕೇಳಿದರೆ, "ನಮ್ಮ ಮನೆಯವ್ರು, ಮುಂದೆ ಇಳ್ಕೊಳ್ತಾರೆ" ಎನ್ನುವನು. ಅವಳು ಎಲ್ಲೂ ಇಳಿಯುತ್ತಿರಲಿಲ್ಲ.

ತಪ್ಪು ಅಂತ ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ "ಗಾಡಿ ಬಿಟ್ರೆ ನಾನು ಯಾರೇ?" ಎಂದು ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತು ಬಿಕ್ಕಿ ಬಿಕ್ಕಿ ಅತ್ತಿದ್ದ. ಮಾರನೆಯ ದಿನವೇ ಅವಳು ಹಿಂದಿನ ಸೀಟಿಗೆ ಹತ್ತಿ ಕೂತಿದ್ದಳು.

ಪರೀಕ್ಷೆಯ ದಿನ ಅಧಿಕಾರಿ ಮುಂದೆ ಗಂಡನ ಪಕ್ಕ ಕೂತು, "ಅಮ್ಮ, ನೀವೂ ಹತ್ತಿ. ಹಿಂದೆ ಗಿರಾಕಿ ಇದ್ದ ಹಾಗಾಗತ್ತೆ" ಎಂದ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ! ಗಾಡಿ ಚೆನ್ನಾಗಿ ಕಾಣಲಿ ಎಂದು ಅವಳು ಹಿಂದಿನ ದಿನವೇ ಹತ್ತಿ ತುಂಬಿದ ದಪ್ಪ ಕವರು ಹೊಲಿದು ಗಂಡನ ಸೀಟಿಗೆ ಹಾಕಿದ್ದಳು.

ಮೊದಲ ಸಿಗ್ನಲ್ಲಿನಲ್ಲಿ ಮುಂದಿನ ಲಾರಿ ನಿಂತಿತು, ಇವನೂ ನಿಲ್ಲಿಸಿದ. "ಪಳಗಿದ ಕೈ, ಯಜಮಾನ್ರೇ" ಎಂದು ಅಧಿಕಾರಿ ನಕ್ಕ. ಅವಳಿಗೆ ಹೋದ ಜೀವ ಬಂದಂತಾಯಿತು.

ಶಾಲೆಯ ತಿರುವಿನಲ್ಲಿ ಒಬ್ಬ ಹೆಂಗಸು ಮಗುವಿನ ತಳ್ಳುಗಾಡಿಯನ್ನು ರಸ್ತೆಗೆ ಇಳಿಸಿದಳು. ಇವಳು ಎರಡು ಸಲ ತಟ್ಟಿದಳು. ಟ್ಯಾಕ್ಸಿ ಹೋಗುತ್ತಲೇ ಇತ್ತು. ಮುಷ್ಟಿಯಿಂದ ಗುದ್ದಿದಳು. ಹಾಳು ಹತ್ತಿ ಎಲ್ಲವನ್ನೂ ನುಂಗಿಕೊಂಡಿತು.

"ರೀ! ನಿಲ್ಸ್ರೀ! ಮಗು!"

ಬ್ರೇಕು ಕಿರುಚಿತು. ತಳ್ಳುಗಾಡಿ ಒಂದು ಗೇಣಿನ ಆಚೆ ನಿಂತಿತ್ತು. ಅಧಿಕಾರಿ ಹಿಂದೆ ತಿರುಗಿ, ಇನ್ನೂ ಸೀಟಿಗೆ ಒತ್ತಿಕೊಂಡಿದ್ದ ಅವಳ ಮುಷ್ಟಿಯನ್ನು ನೋಡಿದ.

"ಎಷ್ಟು ದಿನದಿಂದಮ್ಮ?"

"ಎರಡು ವರ್ಷ, ಸಾರ್."

ಅಧಿಕಾರಿ ಕೈಯಲ್ಲಿದ್ದ ಕಾಗದವನ್ನು ಮಡಚಿಟ್ಟ. "ಲೈಸೆನ್ಸ್ ಕೊಡೋದಕ್ಕೆ ನನ್ನ ಕೈಲಾಗಲ್ಲ. ಇಳೀರಿ ಯಜಮಾನ್ರೇ, ನಾನು ಓಡಿಸ್ತೀನಿ."

ಗಂಡ ಇಳಿದು, ತನ್ನ ಗಾಡಿಯ ಮೈಯನ್ನೇ ಸವರುತ್ತ ಬಂದು ಅವಳ ಪಕ್ಕ ಕೂತ. ಮೂವತ್ತೊಂದು ವರ್ಷದಲ್ಲಿ ಅವನು ಹಿಂದಿನ ಸೀಟಿನಲ್ಲಿ ಕೂತದ್ದು ಅದೇ ಮೊದಲು.

"ನನ್ನ ಕೈಯಾರೆ ಹಾಳು ಮಾಡ್ದೆ ರೀ" ಎಂದು ಅವಳು ಅತ್ತಳು.

"ಮಗೂಗೆ ಏನೂ ಆಗ್ಲಿಲ್ಲ ತಾನೇ?"

"ಇಲ್ಲ."

"ಸದ್ಯ" ಎಂದು ಅವನು ಕಣ್ಣು ಮುಚ್ಚಿಕೊಂಡ.

ಮುಂದಿನ ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಅವಳ ಬೆರಳು ತನ್ನಷ್ಟಕ್ಕೆ ತಾನೇ ಹೋಗಿ ಮುಂದಿನ ಸೀಟಿಗೆ ಎರಡು ಸಲ ತಟ್ಟಿತು. ತೋಳಿಗೆ ತೋಳು ತಾಗಿ ಕೂತವನಿಗೆ ಅದು ತಿಳಿಯಿತು. ಅವನು ತಡವರಿಸಿ ಅವಳ ಕೈ ಹುಡುಕಿ ತನ್ನ ಮಡಿಲಿಗೆ ಎಳೆದುಕೊಂಡ.

"ಬಿಡೇ" ಎಂದ. "ಅವ್ರಿಗೆ ಕಣ್ಣು ಕಾಣತ್ತೆ."