ಬಾಯ್ಲರ್ ಮೇಸ್ತ್ರಿಯ ಭಾನುವಾರಗಳು

ಎಡಗಾಲಿನ ಶೂ ಹತ್ತುತ್ತಿರಲಿಲ್ಲ. ಮಗ ನೆಲದ ಮೇಲೆ ಕುಳಿತು ಅಪ್ಪನ ಹಿಮ್ಮಡಿಯನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಶೂ ತಳ್ಳುತ್ತಿದ್ದ. ಕಾಲು ಊದಿತ್ತು, ತಣ್ಣಗಿತ್ತು, ಯಾರ ಮಾತನ್ನೂ ಕೇಳುವ ಸ್ಥಿತಿಯಲ್ಲಿರಲಿಲ್ಲ.

"ಲೇಸ್ ಪೂರ್ತಿ ಬಿಚ್ಚೋ," ಎಂದ ಸೋದರಮಾವ. ಅವನು ದರ್ಜಿ, ಕುಳ್ಳ, ಎಲ್ಲ ಕಷ್ಟಕ್ಕೂ ಅವನ ಹತ್ತಿರ ಕತ್ತರಿಯೇ ಮದ್ದು. "ಆಗ್ಲಿಲ್ಲಾಂದ್ರೆ ಹಿಂದ್ಗಡೆ ಕತ್ತರಿಸಿ ಹಾಕಿಬಿಡೋಣ. ಪೆಟ್ಟಿಗೆ ಒಳಗೆ ಬಗ್ಗಿ ಯಾರು ನೋಡ್ತಾರೆ?"

"ಮೂವತ್ತಾರು ವರ್ಷ ಬಾಯ್ಲರ್ ಮುಂದೆ ನಿಂತ ಕಾಲು ಮಾವ ಇದು. ಯಾರ ಮುಂದೆಯೂ ತಲೆ ಬಾಗಿಸಲ್ಲ!"

"ಕಾಲಿಗೆ ಎಲ್ಲಿಂದ ತಲೆ ಬಂತೋ?"

"ಡೈಲಾಗ್‌ಗೆ ಲಾಜಿಕ್ ಕೇಳಬಾರದು."

ಮಾವ ನಕ್ಕ. ಮಗ ನಗದೆ ಲೇಸ್ ಬಿಚ್ಚತೊಡಗಿದ. ಊರಿನ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೊತ್ತು ಕೂಗುವ ಕೆಲಸ ಅವನದು. ಅದಕ್ಕೇ ಎಲ್ಲರೂ 'ಮೈಕ್' ಅನ್ನುತ್ತಿದ್ದರು. ಎದೆಯೊಳಗೆ ಭಯ ಎದ್ದಾಗಲೆಲ್ಲ ಅವನ ಬಾಯಿಂದ ಸಿನಿಮಾ ಬರುತ್ತಿತ್ತು. ಬೆಳಿಗ್ಗೆಯಿಂದ ಎರಡೂವರೆ ಸಿನಿಮಾ ಆಗಿತ್ತು.

ಅಮ್ಮ ಬಾಗಿಲಿಗೆ ಬಂದಳು. "ತಾರೀಖು ನೆನಪಿದೆಯಲ್ಲ?"

ಅವಳು ಕೇಳಿದ್ದು ಇದು ನಾಲ್ಕನೇ ಸಲ.

"ಇದೆಯಮ್ಮ."

"ಹೇಳು ನೋಡೋಣ."

"ಮಾರ್ಚ್ ಹದಿನೇಳು. ಬೆಳಿಗ್ಗೆ ಹತ್ತೂಕಾಲು. ಅಪ್ಪನಿಗಾಗ ಇಪ್ಪತ್ತೆರಡು."

"ಹಾಗೇ ಹೇಳು. ಒಂದಕ್ಷರ ಹೆಚ್ಚು ಬೇಡ, ನಿನ್ನ ತಮಾಷೆ ಬೇಡ," ಎಂದು ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಎರಡು ವರ್ಷದಿಂದ ಅವರು ಸಭೆಗೆ ಕಾಲಿಟ್ಟಿಲ್ಲ ಕಣೋ. ಭಾನುವಾರ ಆಯ್ತು ಅಂದ್ರೆ ಚೀಲ ತಗೊಂಡು ಎಲ್ಲಿಗೋ ಹೊರಡೋರು. ಕೇಳಿದ್ರೆ ಸ್ವಲ್ಪ ಕೆಲಸ ಬಾಕಿ ಇದೆ ಅನ್ನೋರು. ಈಗ ಅವರ ಕೈಲಿ ಇರೋದು ಆ ತಾರೀಖು ಒಂದೇ. ಅದೂ ಇಲ್ಲ ಅಂದ್ರೆ ಅವರು ಈಗ... ಈಗ ಈ ಹೊತ್ತಿಗೆ..."

ವಾಕ್ಯ ಮುಗಿಸುವ ಧೈರ್ಯ ಅವಳಿಗಿರಲಿಲ್ಲ. ಮುಗಿಸು ಎನ್ನುವ ಧೈರ್ಯ ಉಳಿದಿಬ್ಬರಿಗೂ ಇರಲಿಲ್ಲ.

ಅವರ ಕ್ರೈಸ್ತ ಸಭೆಯಲ್ಲಿ ಒಂದು ಕ್ರಮವಿತ್ತು. ಶವಪೆಟ್ಟಿಗೆ ಎತ್ತುವ ಮುಂಚೆ ಹಿರಿಯ ಮಗನೋ ಮಗಳೋ ತಲೆಯ ಬದಿ ನಿಂತು ಎರಡು ಮಾತು ಹೇಳಬೇಕು: ತೀರಿಕೊಂಡವರು ಯೇಸುವನ್ನು ನಂಬಿ ರಕ್ಷಣೆ ಹೊಂದಿದ ದಿನ ಯಾವುದು, ಕೊನೆಗೆ ಆಡಿದ ನಂಬಿಕೆಯ ಮಾತು ಯಾವುದು. ಅದಕ್ಕೆ ಸಾಕ್ಷಿ ಎನ್ನುತ್ತಿದ್ದರು. ಸಾಕ್ಷಿ ಆದ ಮೇಲೆ ಸಭೆಯ ಆರು ಹಿರಿಯರು ಎದ್ದು ಹೆಗಲು ಕೊಡುತ್ತಿದ್ದರು. ಆಗದಿದ್ದರೆ ಏಳುತ್ತಿರಲಿಲ್ಲ. ಮಗ ಕಂಡಂತೆ ಹಾಗಾದದ್ದು ಒಂದೇ ಸಲ, ಒಬ್ಬ ಬಡಗಿಗೆ. ಆ ಬಡಗಿ ಸತ್ತು ಎಲ್ಲಿಗೆ ಹೋದ ಎಂದು ಆಮೇಲೆ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಅವನ ಹೆಂಡತಿಯನ್ನು ನೋಡುವಾಗ ಮಾತ್ರ ಎಲ್ಲರೂ ದನಿ ತಗ್ಗಿಸುತ್ತಿದ್ದರು. ಅಮ್ಮನೂ ತಗ್ಗಿಸಿದ್ದಳು.

ಮಾವ ಕತ್ತರಿ ತಂದ.

*

ಮಗನಿಗೆ ಆಗ ಆರು ವರ್ಷ. ಅಪ್ಪ ಆಸ್ಪತ್ರೆಯ ಲಾಂಡ್ರಿಯಲ್ಲಿ ಬಾಯ್ಲರ್ ಮೇಸ್ತ್ರಿ. ಭಾನುವಾರ ಸಂಡೇ ಸ್ಕೂಲಿನ ಮೇಷ್ಟ್ರು. ಒಂದು ಭಾನುವಾರ ಅವನು ಹನ್ನೆರಡು ಮಕ್ಕಳನ್ನು ಸಾಲಾಗಿ ನಡೆಸಿಕೊಂಡು ಬಾಯ್ಲರ್ ಮನೆಗೆ ಕರೆದುಕೊಂಡು ಹೋದ. ಎಲ್ಲರಿಗೂ ಪಿಕ್ನಿಕ್ಕಿನ ಖುಷಿ.

ಒಳಗೆ ಸೋಪಿನ ವಾಸನೆ, ಇದ್ದಲಿನ ವಾಸನೆ. ಗೋಡೆಯೇ ಬೆವರುತ್ತಿತ್ತು. ಅಪ್ಪ ಮಕ್ಕಳನ್ನು ಅರ್ಧಚಂದ್ರಾಕಾರದಲ್ಲಿ ನಿಲ್ಲಿಸಿ, ಕೈಗವಸು ಹಾಕಿಕೊಂಡು, ಕೊಕ್ಕೆಯಿಂದ ಒಲೆಯ ಬಾಗಿಲು ಎಳೆದ.

ಬೆಳಕು ಮುಖಕ್ಕೆ ಹೊಡೆಯಿತು. ಸದ್ದು ಆಮೇಲೆ ಬಂತು. ಯಾರೋ ಒಳಗಿನಿಂದ ಉಸಿರು ಎಳೆದುಕೊಳ್ಳುತ್ತಿರುವ ಸದ್ದು.

"ಇದು ನಾನು ಹಚ್ಚಿದ ಬೆಂಕಿ," ಎಂದ ಅಪ್ಪ ಮೆಲ್ಲಗೆ. ಅವನು ಎಂದೂ ಕಿರುಚುವವನಲ್ಲ. ಕಿರುಚಿದ್ದರೆ ಇಷ್ಟು ಹೆದರಿಕೆ ಆಗುತ್ತಿರಲಿಲ್ಲ. "ನರಕದ್ದು ದೇವರು ಹಚ್ಚಿರೋದು. ಇದು ಸಂಜೆ ಆರುತ್ತೆ. ಅದು ಆರಲ್ಲ. ಈಗ ಹೇಳಿ, ಯಾರಿಗೆ ಯೇಸು ಬೇಕು?"

ಹನ್ನೆರಡು ಕೈ ಮೇಲೆದ್ದವು. ಮಗನ ಪಕ್ಕ ನಿಂತಿದ್ದ ಹುಡುಗಿಯ ಫ್ರಾಕ್ ಒದ್ದೆಯಾಗಿ, ನೀರು ಸಿಮೆಂಟಿನ ಮೇಲೆ ಹರಿದು ಅವನ ಚಪ್ಪಲಿ ಮುಟ್ಟಿತು. ಅವನು ಕಾಲು ಸರಿಸಲಿಲ್ಲ. ಅಲ್ಲಾಡಿದರೆ ಆ ಬಾಗಿಲು ತನ್ನನ್ನು ಗುರುತಿಸುತ್ತದೆ ಎಂದುಕೊಂಡಿದ್ದ.

ಅಪ್ಪ ನೋಟ್‌ಬುಕ್ಕಿನಲ್ಲಿ ಹನ್ನೆರಡು ಹೆಸರು ಬರೆದುಕೊಂಡ. ಮನೆಗೆ ಬರುವ ದಾರಿಯುದ್ದಕ್ಕೂ ಶಿಳ್ಳೆ ಹೊಡೆದ. "ಇವತ್ತು ಹನ್ನೆರಡು ಆತ್ಮ ಕಣೇ!" ಎಂದು ಅಮ್ಮನಿಗೆ ಹೇಳಿದಾಗ ಅವನ ಕಣ್ಣಲ್ಲಿ ನೀರಿತ್ತು. ಸಂತೋಷ ನಿಜವಾದದ್ದೇ. ಆ ಹಳೇ ಬಾಯ್ಲರ್ ತೆಗೆದು ಹಾಕುವವರೆಗೂ ವರ್ಷಕ್ಕೊಂದು ಸಾಲು ಮಕ್ಕಳು ಆ ಬಾಗಿಲ ಮುಂದೆ ನಿಂತರು.

*

ಸಭೆಯ ಹಾಲ್ ತುಂಬಿತ್ತು. ಮುಂದಿನ ಬೆಂಚಿನಲ್ಲಿ ಆರು ಹಿರಿಯರು ಒಂದೇ ಬಣ್ಣದ ಪ್ಯಾಂಟಿನಲ್ಲಿ ಕುಳಿತಿದ್ದರು. ಅವರ ಮುಖ್ಯಸ್ಥ ದೊಡ್ಡ ಮೀಸೆಯವನು. ಬೆನ್ನ ಹಿಂದೆ ಎಲ್ಲರೂ 'ಮೀಸೆ ಹಿರಿಯರು' ಎನ್ನುತ್ತಿದ್ದರು.

ಕೊನೆಯ ಬೆಂಚಿನಲ್ಲಿ ಮಾತ್ರ ಗುರುತಿಲ್ಲದ ನಾಲ್ವರು. ಖಾಕಿ ಅಂಗಿ ಹಾಕಿದ್ದ ದಪ್ಪ ಹೆಂಗಸು ಹೊರಗೆ ಶಾಲಾ ವ್ಯಾನ್ ನಿಲ್ಲಿಸಿ ಬಂದಿದ್ದಳು. ಪಕ್ಕದಲ್ಲಿ ಹೆಲ್ಮೆಟ್ ಮಡಿಲಲ್ಲಿಟ್ಟುಕೊಂಡ ಕೊರಿಯರ್‌ನವನು, ಜೇಬಿನಲ್ಲಿ ಬಾಚಣಿಗೆ ಸಿಕ್ಕಿಸಿಕೊಂಡ ತಾಳೆಮರದಂಥ ಒಬ್ಬ ಕ್ಷೌರಿಕ, ಕೊರಳಲ್ಲಿ ಕಚೇರಿಯ ಗುರುತುಚೀಟಿ ಹಾಕಿಕೊಂಡ ಕನ್ನಡಕದ ಒಬ್ಬ ಗುಮಾಸ್ತ. ನಾಲ್ವರೂ ಬಾಗಿಲಿಗೆ ಹತ್ತಿರವಾಗಿ, ಯಾವಾಗ ಬೇಕಾದರೂ ಓಡಿಹೋಗುವಂತೆ ಕುಳಿತಿದ್ದರು.

"ಯಾರೋ ಇವರು?" ಮಾವ ಪಿಸುಗುಟ್ಟಿದ.

"ಗೆಸ್ಟ್ ಅಪಿಯರೆನ್ಸ್," ಎಂದ ಮಗ. ಅವನಿಗೂ ಗೊತ್ತಿರಲಿಲ್ಲ.

ಮೀಸೆ ಹಿರಿಯರು ಹತ್ತಿರ ಬಂದು ಅವನ ಭುಜ ಹಿಡಿದರು. "ನೋಡು ತಮ್ಮ, ಎರಡು ವರ್ಷ ಸಭೆಗೆ ಯಾಕೆ ಬರಲಿಲ್ಲ ಅಂತ ನಾನು ಯಾರನ್ನೂ ಕೇಳೋದಿಲ್ಲ. ತಾರೀಖು ಹೇಳು, ಸಾಕು. ನಿಮ್ಮಮ್ಮನ ಮುಖ ನೋಡಿ ಹೇಳ್ತಿದ್ದೀನಿ. ಸುಳ್ಳು ಮಾತ್ರ ಬೇಡ. ಪೆಟ್ಟಿಗೆ ಪಕ್ಕ ನಿಂತು ಸುಳ್ಳು ಹೇಳಿದವನಿಗೆ ಏನಾಗುತ್ತೆ ಅಂತ ನಿನಗೆ ಗೊತ್ತಲ್ಲ?"

ಗೊತ್ತಿತ್ತು. ಆರನೇ ವಯಸ್ಸಿನಲ್ಲೇ ನೋಡಿದ್ದ.

*

ಎರಡು ವರ್ಷದ ಹಿಂದೆ, ಒಂದು ಮಧ್ಯಾಹ್ನ, ಅಮ್ಮ ಜ್ವರದಲ್ಲಿ ಮಲಗಿದ್ದಳು. ಅಪ್ಪನಿಗೆ ಚಹಾ ಬೇಕಿತ್ತು. ಲೈಟರ್ ಕೆಟ್ಟಿತ್ತು. ಮಗ ಬೆಂಕಿಪೊಟ್ಟಣ ಹಿಡಿದು ಒಲೆಯ ಮುಂದೆ ನಿಂತಿದ್ದ. ಒಂದು ಕಡ್ಡಿ ಮುರಿಯಿತು. ಇನ್ನೊಂದೂ ಮುರಿಯಿತು. ಮೂರನೆಯದು ಕೈಯಿಂದ ಜಾರಿತು. ಮೂವತ್ತು ದಾಟಿದ ಗಂಡಸು, ಬೆನ್ನಿಗೆ ಅಂಗಿ ಅಂಟಿಕೊಂಡಿತ್ತು.

"ಏನೋ ಅದು?" ಅಪ್ಪ ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಬೆಂಕಿಗೂ ನನಗೂ ಡೇಟ್ಸ್ ಹೊಂದಲ್ಲಪ್ಪ. ಅದಕ್ಕೇ ರೂಮಲ್ಲಿ ಕರೆಂಟ್ ಕೆಟಲ್ ಇಟ್ಕೊಂಡಿರೋದು."

ಅಪ್ಪ ನಗಲಿಲ್ಲ. "ಯಾವಾಗಿನಿಂದ?"

ಮಗ ಇನ್ನೊಂದು ಡೈಲಾಗ್ ಹುಡುಕಿದ. ಸಿಗಲಿಲ್ಲ.

"ನೀವು ತೋರಿಸಿದಾಗಿನಿಂದ."

ಅಪ್ಪ ಬಂದು ಕಡ್ಡಿ ಗೀರಲಿಲ್ಲ. ಅಡುಗೆಮನೆಯ ನೆಲದ ಮೇಲೆ ಗೋಡೆಗೆ ಒರಗಿ ಕುಳಿತುಬಿಟ್ಟ.

"ನಿನಗೆ ದೇವರನ್ನ ತೋರಿಸ್ದೆ ಅಂದ್ಕೊಂಡಿದ್ದೆ ಕಣೋ," ಎಂದ. "ಬಾಯ್ಲರ್ ತೋರಿಸಿದ್ದೆ."

"ಬಿಡಿಪ್ಪ, ಹಳೇ ಕತೆ."

"ನನ್ನ ತಾರೀಖು ಗೊತ್ತಲ್ಲ ನಿನಗೆ. ಅವತ್ತು ಬಾಯ್ಲರಿನ ನೀರು ನೋಡೋ ಗಾಜು ಸಿಡೀತು. ನನ್ನ ಜೊತೆಯವನ ಮುಖದ ಚರ್ಮ ಟವೆಲ್‌ಗೆ ಅಂಟ್ಕೊಂಡು ಬಂತು. ನಾನು ಅಲ್ಲೇ ಮಂಡಿಯೂರಿದೆ. ಕಾಪಾಡು ಅಂದೆ. ಯಾರು ಮಂಡಿಯೂರಲ್ಲ ಹೇಳು? ಹೆದರಿಕೊಂಡಿದ್ದನ್ನೇ ಭಕ್ತಿ ಅಂದ್ಕೊಂಡೆ. ಅದನ್ನೇ ಮಕ್ಕಳಿಗೂ ಹಂಚಿದೆ." ಅವನು ಮುಖ ಒರೆಸಿಕೊಂಡ. "ಆ ತಾರೀಖು ಇನ್ಮೇಲೆ ನನ್ನ ಹೆಸರಲ್ಲಿ ಯಾರಿಗೂ ಹೇಳಬೇಡ."

"ಹಾಗಾದ್ರೆ ನಿಮ್ಮ ರಕ್ಷಣೆ?"

"ಗೊತ್ತಿಲ್ಲ. ಈಗ ಶುರು ಆಗ್ತಿದೆಯೇನೋ. ಮೊದಲಿಗಿಂತ ಜಾಸ್ತಿ ಭಯ ಆಗ್ತಿದೆ ಕಣೋ."

ಮುಂದಿನ ಭಾನುವಾರ ಅವನು ಚೀಲದಲ್ಲಿ ಸ್ಪ್ಯಾನರ್, ಹಳೆಯ ನೋಟ್‌ಬುಕ್ ಹಾಕಿಕೊಂಡು ಹೊರಟ. ಎಲ್ಲಿಗೆ ಎಂದು ಮಗ ಕೇಳಲಿಲ್ಲ. ಕೇಳಿದರೆ ಉತ್ತರ ಬಂದುಬಿಡುತ್ತದೆ ಎಂಬ ಹೆದರಿಕೆ.

*

"ಸಾಕ್ಷಿ," ಎಂದು ಸಭಾಪಾಲಕರು ಕರೆದರು.

ಮಗ ಪೆಟ್ಟಿಗೆಯ ತಲೆಯ ಬದಿ ಹೋಗಿ ನಿಂತ. ಮುಂದಿನ ಸಾಲಿನಲ್ಲಿ ಅಮ್ಮನ ತುಟಿ ಸದ್ದಿಲ್ಲದೆ ಅಲ್ಲಾಡುತ್ತಿತ್ತು: ಮಾರ್ಚ್ ಹದಿನೇಳು, ಮಾರ್ಚ್ ಹದಿನೇಳು.

ತಾರೀಖು ಹೇಳಿದರೆ ಅಮ್ಮ ಇವತ್ತು ನಿದ್ದೆ ಮಾಡುತ್ತಾಳೆ. ಕೆಳಗೆ ಮಲಗಿರುವವನು ಮಾತ್ರ ಹೇಳಬೇಡ ಎಂದಿದ್ದ.

"ಮಾರ್ಚ್ ಹದಿನೇಳು," ಎಂದ ಮಗ.

ಅಮ್ಮನ ಭುಜ ಇಳಿಯಿತು.

"ಮಾರ್ಚ್ ಹದಿನೇಳು, ನಮ್ಮಪ್ಪ ಹೆದರಿಕೊಂಡ ದಿನ," ಎಂದು ಮುಂದುವರಿಸಿದ. ದನಿ ಅವನದಾಗಿರಲಿಲ್ಲ, ತೆಳ್ಳಗೆ, ಮಕ್ಕಳ ದನಿಯಂತೆ ಬಂತು. "ಅದನ್ನ ರಕ್ಷಣೆ ಅಂತ ಹೇಳಬೇಡ ಅಂತ ನನ್ನ ಹತ್ರ ಅಂದಿದ್ರು. ರಕ್ಷಣೆ ಆದ ದಿನ ಯಾವುದು ಅಂತ ನನಗೆ ಗೊತ್ತಿಲ್ಲ."

ಅಮ್ಮ ಎದ್ದು ನಿಂತಳು, ಮತ್ತೆ ಕುಳಿತಳು. "ಬೇಡ ಕಣೋ," ಎಂದಳು. "ಅವರನ್ನ ಅಲ್ಲಿಗೆ ತಳ್ಳಬೇಡ ಕಣೋ."

ಮೀಸೆ ಹಿರಿಯರ ಮುಖ ಬಿಳುಪಾಗಿತ್ತು. "ಕೊನೇ ಮಾತು? ಕೊನೇಗಾದ್ರೂ ಕರ್ತನ ಹೆಸರು ತಗೊಂಡ್ರಾ?"

"ಇನ್ನೂ ಏಳು ಮನೆ ಬಾಕಿ ಇದೆ, ಅಂದ್ರು. ಅಷ್ಟೇ. ಏನು ಅಂತ ನನಗೆ ತಿಳೀಲಿಲ್ಲ."

"ನಾನು ಹೇಳ್ಲಾ?"

ಹಿಂದಿನ ಬೆಂಚಿನ ವ್ಯಾನಿನ ಹೆಂಗಸು ಎದ್ದಿದ್ದಳು. ಎದುರಿನ ಬೆಂಚನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. "ನಾನು ಈ ಹಾಲ್ ಒಳಗೆ ಬಂದು ಇಪ್ಪತ್ತು ವರ್ಷ ಆಯ್ತು. ಬಾಯ್ಲರ್ ಮಾಮ ಒಂದು ಭಾನುವಾರ, ನಮ್ಮ ಹೆಸರೆಲ್ಲ ಬರ್ಕೊಂಡಿದ್ದ ಆ ಹಳೇ ನೋಟ್‌ಬುಕ್ ಹಿಡ್ಕೊಂಡು ನಮ್ಮನೆ ಬೆಲ್ ಮಾಡಿದ್ರು. ಮುಖ ನೋಡಿದ ತಕ್ಷಣ ಬಾಗಿಲು ಹಾಕಿಬಿಟ್ಟೆ. ಮುಕ್ಕಾಲು ಗಂಟೆ ಹೊರಗೆ ನಿಂತಿದ್ರು. ಮುಂದಿನ ವಾರ ಮತ್ತೆ ಬಂದ್ರು. ಮೂರನೇ ಸಲ ಒಳಗೆ ಕರೆದೆ. ಕೂತ್ಕೊಳ್ಳಿ ಅಂದ್ರೂ ಕೂರಲಿಲ್ಲ. 'ಒಳ್ಳೇ ಸುದ್ದಿ ಹೇಳ್ತೀನಿ ಅಂತ ಕರ್ಕೊಂಡು ಹೋಗಿ ಫ್ರಾಕ್ ಒದ್ದೆ ಮಾಡಿಸ್ದೆ ಮಗಳೇ. ಅದು ಸುವಾರ್ತೆ ಅಲ್ಲ. ತಪ್ಪಾಯ್ತು' ಅಂದ್ರು. ನಮ್ಮ ಗೀಸರ್ ಸೋರ್ತಿತ್ತು. ಸರಿ ಮಾಡಿ ಹೋದ್ರು."

"ನಮ್ಮನೇಲಿ ಕುಕ್ಕರ್," ಎಂದ ಕೊರಿಯರ್‌ನವನು ಕುಳಿತಲ್ಲಿಂದಲೇ.

"ನಾನು ಬೈದು ಕಳಿಸ್ದೆ," ಎಂದ ಗುಮಾಸ್ತ. ಕನ್ನಡಕ ತೆಗೆದ. "ಮತ್ತೆ ಬಂದ್ರು. ಮತ್ತೆ ಬೈದೆ. ಸುಮ್ನೆ ಕೇಳ್ತಾ ನಿಂತಿದ್ರು."

ಮಗನಿಗೆ ಭಾನುವಾರಗಳು ಒಂದೊಂದಾಗಿ ಕಾಣತೊಡಗಿದವು: ಮುಚ್ಚಿದ ಬಾಗಿಲುಗಳು, ಮೆಟ್ಟಿಲ ಮೇಲೆ ಚೀಲ ಹಿಡಿದು ನಿಂತ ಮುದುಕ.

"ಗೀಸರ್ ರಿಪೇರಿ ಸಾಕ್ಷಿ ಆಗಲ್ಲಮ್ಮ," ಎಂದರು ಮೀಸೆ ಹಿರಿಯರು. ಗದರಿಸಲು ಹೊರಟ ದನಿ ಅರ್ಧದಲ್ಲೇ ಬಿರಿಯಿತು. "ಆ ಭಯವೇ ತಪ್ಪು ಅಂದ್ರೆ ನಾವೆಲ್ಲ ಇಷ್ಟು ವರ್ಷ ಯಾವುದರ ಮೇಲೆ ನಿಂತಿದ್ವಿ? ಹಾಂ? ನನ್ನ ತಾರೀಖಿಗೇನು ಹೇಳ್ತೀರಿ?"

ಸಭಾಪಾಲಕರು ನೆಲ ನೋಡಿದರು. ಆರು ಹಿರಿಯರು ಏಳಲಿಲ್ಲ. ಅವರಲ್ಲೊಬ್ಬ ಎದ್ದೇಳುವಂತೆ ಮಂಡಿಯ ಮೇಲೆ ಕೈಯೂರಿದ, ಪಕ್ಕದವನ ಮುಖ ನೋಡಿ ಹಾಗೇ ಉಳಿದ.

ಅಮ್ಮ ಹೊರಳಿ ವ್ಯಾನಿನ ಹೆಂಗಸನ್ನು ನೋಡುತ್ತಿದ್ದಳು. "ಮುಕ್ಕಾಲು ಗಂಟೆ ನಿಂತಿದ್ರಾ?" ಎಂದು ಕೇಳಿದಳು. "ಅವರ ಮಂಡಿ ನೋವಲ್ಲಿ?"

"ಹೂಂ ಆಂಟಿ. ಕಿಟಕಿಯಿಂದ ನೋಡ್ತಿದ್ದೆ."

"ಎಲ್ಲಿರ್ತಾರಮ್ಮ ಈಗ ಅವರು?"

ವ್ಯಾನಿನ ಹೆಂಗಸು ಬೆಂಚು ಬಿಟ್ಟು ಮುಂದೆ ಬಂದಳು. ಹೆಲ್ಮೆಟ್ಟನ್ನು ಎಲ್ಲಿಡುವುದೆಂದು ತಿಳಿಯದೆ ಕೊರಿಯರ್‌ನವನು ಅದನ್ನು ಪ್ರಸಂಗದ ಪೀಠದ ಮೇಲೆ ಇಟ್ಟ. ಕ್ಷೌರಿಕ ಬಂದ, ಗುಮಾಸ್ತ ಬಂದ. ಮಗ ತಲೆಯ ಬದಿ ಹೆಗಲು ಕೊಟ್ಟ. ಕಾಲಿನ ಬದಿ ಮಾವ, ಕ್ಷೌರಿಕನಿಗೆ ಜೋಡಿಯಾಗಿ.

"ಒಂದ್ಸಲಕ್ಕೆ ಎತ್ತಿ," ಎಂದಳು ವ್ಯಾನಿನ ಹೆಂಗಸು. "ಬರಲಿ. ಬರಲಿ. ಎಡಕ್ಕೆ ಸ್ವಲ್ಪ. ಬಾಗಿಲು ನೋಡ್ಕೊಳ್ಳಿ, ಮೆಟ್ಟಿಲಿದೆ."

ಆರು ಹೆಗಲು ಆರು ಎತ್ತರದಲ್ಲಿದ್ದವು. ಮೆಟ್ಟಿಲಿಗೆ ಬರುವಷ್ಟರಲ್ಲಿ ಪೆಟ್ಟಿಗೆ ಮಾವನ ಮೂಲೆಗೆ ವಾಲಿತು. ಒಳಗೆ ಏನೋ ಮೆಲ್ಲಗೆ ಜಾರಿದ ಸದ್ದಾಯಿತು. ಎಲ್ಲರೂ ಉಸಿರು ಹಿಡಿದು ನಿಂತರು. ಅಮ್ಮ ಓಡಿ ಬಂದು ತಮ್ಮನ ಪಕ್ಕ ಆ ಮೂಲೆಯ ಕೆಳಗೆ ನುಗ್ಗಿದಳು. ಹೆಗಲು ಎಟುಕಲಿಲ್ಲ. ಚಪ್ಪಲಿ ಕಳಚಿ, ತುದಿಗಾಲಲ್ಲಿ ನಿಂತು, ಹಲಗೆಗೆ ಭುಜ ತಾಗಿಸಿದಳು. ಪೆಟ್ಟಿಗೆ ಮತ್ತೆ ಹೊರಟಿತು, ನಡುಗುತ್ತ. ಯಾರ ನಡುಕ ಎಂದು ಹೇಳುವಂತಿರಲಿಲ್ಲ. ಅವಳು ಗೇಟಿನವರೆಗೂ, ಗೇಟು ದಾಟಿ ಬಿಸಿಲಿಗೂ, ಹಿಮ್ಮಡಿ ನೆಲಕ್ಕೆ ಇಳಿಸದೆ ನಡೆದಳು.